ಪಿಕಪ್ ಟಾಪಿನ ತುಕ್ಕು: ಬಣ್ಣಕ್ಕಿಂತ ಮೊದಲು ನೀರಿನ ದಾರಿ ಹುಡುಕಿ

ಕಲಬುರಗಿ ಜಿಲ್ಲೆ ಬಿಸಿಲ ನಾಡು. ವರ್ಷದ ಮಳೆ ಏಳೆಂಟು ನೂರು ಮಿಲಿಮೀಟರ್ ಆದರೆ ಅದೇ ಒಳ್ಳೆಯ ವರ್ಷ. ಕಾರವಾರ, ಮಂಗಳೂರು ಕಡೆಯ ಗಾಡಿಗೆ ತುಕ್ಕು ಹಿಡಿದರೆ ಯಾರಿಗೂ ಅಚ್ಚರಿಯಿಲ್ಲ. ಅಲ್ಲಿ ಕಡಲಿದೆ, ಉಪ್ಪುಗಾಳಿಯಿದೆ, ನಾಲ್ಕು ತಿಂಗಳ ಜಡಿಮಳೆಯಿದೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಓಡಾಡುವ ಹತ್ತು ಹನ್ನೆರಡು ವರ್ಷದ ಬೊಲೆರೊ ಪಿಕಪ್ಪೋ ಟಾಟಾ ಏಸೋ ಸಿಕ್ಕರೆ, ಬಾಗಿಲು ತೆಗೆದು ಮೇಲೆ ಹತ್ತಿ ನಿಂತು ಕ್ಯಾಬಿನ್ನಿನ ಟಾಪು ನೋಡಿ. ಮುಂಗಾಜಿನ ಮೇಲಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ. ಕ್ಯಾರಿಯರ್‌ನ ಕಾಲು ಕೂತ ಕಡೆ ಕಂದು ಕಲೆ ಹರಡಿರುತ್ತದೆ. ಕೆಲವು ಗಾಡಿಗಳಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ತಗಡು ಕುರುಕು ಸದ್ದು ಮಾಡಿ ಒಳಗೆ ಹೋಗುತ್ತದೆ.

ಬಿಸಿಲ ನಾಡಿನಲ್ಲಿ ಇದು ಹೇಗೆ ಎಂದು ಕೇಳಿದರೆ, ಉತ್ತರ ಆ ಗಾಡಿ ಮಾಡುವ ಕೆಲಸದಲ್ಲೇ ಇದೆ. ಉಕ್ಕಿಗೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಜೊತೆಗೆ ಉಪ್ಪು ಸೇರಿದರೆ ವೇಗ ಹೆಚ್ಚುತ್ತದೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಹೊತ್ತಿಗೆ ಈ ಗಾಡಿಗಳು ಡಿಎಪಿ, ಯೂರಿಯಾ, ಪೊಟ್ಯಾಷ್ ಚೀಲ ಹೊತ್ತು ಹಳ್ಳಿಹಳ್ಳಿಗೆ ಹೋಗುತ್ತವೆ. ಪೊಟ್ಯಾಷ್ ಎಂದು ನಾವು ಕೊಳ್ಳುವುದು ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಚೀಲ ಎತ್ತಿ ಹಾಕುವಾಗ ಹರಿದ ಹೊಲಿಗೆಯಿಂದ ಉದುರಿದ ಪುಡಿ ಟಾಪಿನ ಹಿಂಭಾಗಕ್ಕೂ ಬಾಗಿಲ ಮೇಲಿನ ಗಟರ್ ಪಟ್ಟಿಗೂ ಬೀಳುತ್ತದೆ. ಗಟರ್ ಪಟ್ಟಿ ಎಂದರೆ ಟಾಪಿನ ಎರಡೂ ಅಂಚಿಗೆ ಮಳೆನೀರು ಇಳಿದುಹೋಗಲೆಂದು ಮಾಡಿರುವ ಸಣ್ಣ ಕಾಲುವೆ. ಗೊಬ್ಬರದ ಪುಡಿ ಗಾಳಿಯ ತೇವವನ್ನು ತಾನೇ ಎಳೆದುಕೊಂಡು ಒದ್ದೆಯಾಗುತ್ತದೆ. ಮಳೆ ಬರಬೇಕೆಂದಿಲ್ಲ, ಮೋಡ ಕವಿದ ದಿನವೊಂದು ಸಾಕು.

ಅದರ ಮೇಲೆ ಧೂಳು. ಇಲ್ಲಿಯದು ಎರೆಮಣ್ಣು. ನೀರನ್ನು ಹಿಡಿದಿಟ್ಟುಕೊಳ್ಳುವ ಅದರ ಗುಣದಿಂದಲೇ ಹಿಂಗಾರಿ ಜೋಳ ಬರುತ್ತದೆ, ತೊಗರಿ ಮಳೆ ನಿಂತ ಮೇಲೂ ಹಸಿರಾಗಿ ನಿಲ್ಲುತ್ತದೆ. ಅದೇ ಗುಣ ಗಟರ್ ಪಟ್ಟಿಯೊಳಗೆ ಶಾಪ. ಒಂದು ಬೆರಳು ದಪ್ಪ ಎರೆಮಣ್ಣು, ಅದಕ್ಕೆ ರಾಶಿ ಕಾಲದ ತೊಗರಿ ಹೊಟ್ಟು ಬೆರೆತು ಕೂತರೆ, ಟಾಪಿನ ಮೇಲ್ಭಾಗ ಅರ್ಧ ಗಂಟೆಯಲ್ಲಿ ಒಣಗಿದರೂ ಆ ಪಟ್ಟಿ ದಿನಗಟ್ಟಲೆ ಹಸಿಯಾಗಿರುತ್ತದೆ. ಸವಳು ನೀರಿನ ಬೋರ್‌ವೆಲ್‌ನಲ್ಲಿ ಗಾಡಿ ತೊಳೆಯುವವರು ಅಲ್ಲಿಗೆ ಇನ್ನಷ್ಟು ಉಪ್ಪು ಸೇರಿಸುತ್ತಾರೆ. ಅಫಜಲಪುರ ಕಡೆ ಭೀಮಾ ದಂಡೆಯ ಕಬ್ಬಿನ ಕೆಲಸಕ್ಕೆ ಓಡುವ ಗಾಡಿಗಳಲ್ಲಿ ಕಬ್ಬಿನ ರಸದ ಅಂಟು ಸಹ ಇರುತ್ತದೆ. ಅದು ಧೂಳನ್ನು ಬಿಡದೆ ಹಿಡಿದುಕೊಳ್ಳುತ್ತದೆ.

ಚಳಿಗಾಲದ ಇಬ್ಬನಿಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ತೆಳು ತಗಡು ರಾತ್ರಿ ಬಯಲಿಗೆ ಶಾಖ ಬಿಟ್ಟು ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ಹೊರಗೆ ಇಬ್ಬನಿ ಕೂರುತ್ತದೆ. ತೊಗರಿ ಮಾರಲು ಎಪಿಎಂಸಿ ಮುಂದೆ ಪಾಳಿ ಹಚ್ಚಿ ಡ್ರೈವರ್ ಗಾಜು ಏರಿಸಿಕೊಂಡು ಒಳಗೇ ಮಲಗಿದರೆ, ಅವನ ಉಸಿರಿನ ತೇವ ಟಾಪಿನ ಒಳಮೈಗೆ ಹನಿಗಟ್ಟುತ್ತದೆ. ಟಾಪಿಗೆ ಹೊರಗಿನಿಂದ ಬಣ್ಣದ ರಕ್ಷಣೆಯಿದೆ. ಒಳಗೆ ತೆಳುವಾದ ಪ್ರೈಮರ್ ಬಿಟ್ಟರೆ ಬೇರೇನಿಲ್ಲ, ಮೇಲಾಗಿ ನೀರು ಹೀರುವ ಫೋಮ್ ಅಂಟಿಕೊಂಡಿರುತ್ತದೆ.

ಇನ್ನು ಬಿಸಿಲು. ಬೇಸಿಗೆಯಲ್ಲಿ ನಸುಕಿಗೆ 25 ಡಿಗ್ರಿ ಇದ್ದ ತಗಡು ಮಧ್ಯಾಹ್ನಕ್ಕೆ 65-70 ಡಿಗ್ರಿ ಮುಟ್ಟುತ್ತದೆ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಸುಮಾರು 1.3 ಮೀಟರ್ ಅಗಲದ ಟಾಪು ದಿನವೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿ, ರಾತ್ರಿ ಮತ್ತೆ ಕುಗ್ಗುತ್ತದೆ. ಟಾಪು ಮತ್ತು ಪಕ್ಕದ ತಗಡು ಕೂಡುವ ಗಟರ್ ಪಟ್ಟಿಯ ಸಂದಿಗೆ ಕಂಪನಿಯಲ್ಲಿ ತುಂಬಿದ ಸೀಲಂಟ್ ಇಷ್ಟು ವರ್ಷ ಈ ಎಳೆದಾಟ ತಾಳಿ, ಗಟ್ಟಿಯಾಗಿ, ಕೂದಲೆಳೆಯಂತೆ ಸೀಳುತ್ತದೆ. ಆ ಸೀಳಿನೊಳಗೆ ನೀರು ತಾನಾಗಿ ಏರುತ್ತದೆ. ಎರಡು ತಗಡಿನ ನಡುವೆ ಸ್ಪಾಟ್ ವೆಲ್ಡಿಂಗ್ ಆದ ಜಾಗಕ್ಕೆ ಬಣ್ಣವೇ ಮುಟ್ಟಿರುವುದಿಲ್ಲ. ತುಕ್ಕು ಅಲ್ಲಿ ಶುರುವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಸಂದಿಯನ್ನು ಇನ್ನಷ್ಟು ಬಾಯಿ ಬಿಡಿಸುತ್ತದೆ.

ಇಷ್ಟು ವಿವರ ಯಾಕೆಂದರೆ, ಮೇಲೆ ಕಾಣುವ ಗುಳ್ಳೆ ರೋಗದ ಕೊನೆಯ ಹಂತ. ನಮ್ಮ ಶೆಡ್ಡುಗಳಲ್ಲಿ ದಿನಾ ನಡೆಯುವ ಮಾತು ಹೀಗಿರುತ್ತದೆ:

"ಮ್ಯಾಲ ಸೊಲ್ಪ ಜಂಗ್ ಹಿಡದದ, ಪುಟ್ಟಿ ಹೊಡದು ಕಲರ್ ಹಾಕಿ ಕೊಡ್ರಿ ಉಸ್ತಾದ್, ಸಂಜಿಗಿ ಬಾಡಗಿ ಅದ."

"ಕೊಡ್ತೀನ್ರಿ ಅಣ್ಣಾ. ಆದ್ರ ಮಿರಗಕ್ಕ ಮತ್ತ ಬರ್ತೀರಿ ನೋಡ್ರಿ."

ಉಸ್ತಾದರ ಮಾತು ನಿಜ. ಮೇಲೆ ಪುಟ್ಟಿ ಬಡಿದ ತುಕ್ಕು ಒಂದು ಮಳೆಗಾಲ ದಾಟುವುದು ಕಷ್ಟ. ಪುಟ್ಟಿ ನೀರು ತಡೆಯುವ ವಸ್ತುವೇ ಅಲ್ಲ. ಅದು ಸೂಕ್ಷ್ಮ ರಂಧ್ರಗಳ ಪದಾರ್ಥ, ಒಳಗಿನಿಂದ ಬರುವ ತೇವವನ್ನು ಹೀರಿ ತಗಡಿಗೆ ತಾಗಿಸಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ಕೆಲಸ ಒಳಗಿನಿಂದ ಶುರುವಾಗಬೇಕು, ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವವರೆಗೆ ಗ್ರೈಂಡರ್ ಮುಟ್ಟಬಾರದು.

ಮೊದಲು ಕ್ಯಾರಿಯರ್ ಬಿಚ್ಚಿ. ನಂತರ ಒಳಗಿನ ಲೈಟು, ಬಿಸಿಲು ಮರೆ, ಹಿಡಿಕೆ, ಬಾಗಿಲ ಅಂಚಿನ ರಬ್ಬರ್ ಬೀಡಿಂಗ್ ತೆಗೆದರೆ ಟಾಪಿನ ಒಳಹೊದಿಕೆ ಕೆಳಗೆ ಬರುತ್ತದೆ. ಹಳೆಯ ಕ್ಲಿಪ್ಪುಗಳು ಮುರಿಯುತ್ತವೆ, ಹೊಸವನ್ನು ಮೊದಲೇ ತಂದಿಟ್ಟುಕೊಳ್ಳಿ. ಹೊದಿಕೆ ಇಳಿದ ಕೂಡಲೇ ಅರ್ಧ ಕಥೆ ಕಣ್ಣೆದುರು ಬರುತ್ತದೆ. ನೀರು ಹರಿದ ಕಡೆಯೆಲ್ಲ ಕಂದು ಗೆರೆಗಳಿರುತ್ತವೆ. ಅವುಗಳ ಜಾಡು ಹಿಡಿದು ಮೇಲಕ್ಕೆ ಹೋದರೆ ಮೂಲ, ಕೆಳಕ್ಕೆ ಹೋದರೆ ಮುಂಗಾಜಿನ ಪಕ್ಕದ ಕಂಬ. ಆ ಕಂಬದೊಳಗೆ ಇಳಿದ ನೀರು ಡ್ಯಾಶ್‌ಬೋರ್ಡ್ ಹಿಂದಿನ ವೈರಿಂಗ್ ಮತ್ತು ಫ್ಯೂಸ್ ಡಬ್ಬಿಯವರೆಗೂ ಹೋಗಬಲ್ಲದು. ಮಳೆಗಾಲದಲ್ಲಿ ಕಾರಣವಿಲ್ಲದೆ ವೈಪರ್ ನಿಲ್ಲುವ, ಹಾರ್ನ್ ತಾನೇ ಕೂಗುವ ಗಾಡಿಗಳಲ್ಲಿ ವೈರ್‌ಮ್ಯಾನ್ ಹತ್ತಿರ ಹೋಗುವ ಮೊದಲು ಟಾಪು ನೋಡುವುದು ಒಳ್ಳೆಯದು.

ಸೋರಿಕೆ ಹುಡುಕಲು ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಚೊಂಬಿನಲ್ಲಿ ನಿಧಾನಕ್ಕೆ ನೀರು ಬಿಡಬೇಕು. ಪೈಪು ಹಿಡಿದು ಒಮ್ಮೆಗೇ ಮೇಲಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗಿ: ಮುಂಗಾಜಿನ ರಬ್ಬರಿನ ಕೆಳಅಂಚು, ಪಕ್ಕ, ಮೇಲಂಚು, ಆಮೇಲೆ ಒಂದೊಂದೇ ಬದಿಯ ಗಟರ್ ಪಟ್ಟಿ, ಕಡೆಗೆ ಕ್ಯಾರಿಯರ್ ಬೋಲ್ಟಿನ ತೂತು, ಆಂಟೆನಾ ಬುಡ. ಪ್ರತಿ ಜಾಗಕ್ಕೂ ಎರಡು ಮೂರು ನಿಮಿಷ ಕೊಡಿ. ಹನಿ ಕಂಡ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಬಹಳ ಗಾಡಿಗಳಲ್ಲಿ ಟಾಪಿನ ನಡುವಿನ ತೂತಿಗೆ ಕಾರಣ ಅಲ್ಲಿರುವುದಿಲ್ಲ. ಗಟರಿನಲ್ಲಿ ನುಗ್ಗಿದ ನೀರು ಒಳಗಿನ ಅಡ್ಡಪಟ್ಟಿಯ ಮೇಲೆ ನಿಂತು ಅಲ್ಲಿ ತಗಡು ತಿಂದಿರುತ್ತದೆ.

ಈಗ ತಗಡಿನ ಸ್ಥಿತಿ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಬಡಿಯುತ್ತಾ ಹೋದರೆ ಗಟ್ಟಿ ತಗಡು ಟಣ್ಣೆನ್ನುತ್ತದೆ, ತಿಂದ ತಗಡು ಬೊದ್ದ ಸದ್ದು ಕೊಡುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತ ಒಂದಿದ್ದರೆ ಅದನ್ನೂ ಆಡಿಸಿ. ಅದು ಸಡಿಲಾಗಿ ಕೂತ ಕಡೆ ಹಿಂದೆ ಯಾರೋ ದಪ್ಪ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ವೈರ್ ಬ್ರಷ್ ಆಡಿಸಿದಾಗ ಕಂದು ಹೋಗಿ ಹೊಳೆಯುವ ಲೋಹ ಬಂದರೆ ಅದು ಮೇಲ್ತುಕ್ಕು, ಬೆಸುಗೆಯ ಮಾತೇ ಬೇಡ. ಹೊಳಪಿನ ನಡುವೆ ಕಪ್ಪು ಚುಕ್ಕೆ ಉಳಿದರೆ ಅವು ಗುಳಿಗಳು. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಆ ಸುತ್ತಲಿನ ತಗಡನ್ನು ಕತ್ತರಿಸಲೇಬೇಕು.

ಗುಳಿಗಳಿಗೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಕೆಲಸ ಮಾಡುತ್ತದೆ. ಅದು ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಆದರೆ ಅದು ತಾಗಿದ ಪದರವನ್ನಷ್ಟೇ ಬದಲಿಸುತ್ತದೆ. ಹೊಪ್ಪಳಿಕೆ ಎದ್ದ ದಪ್ಪ ತುಕ್ಕಿನ ಮೇಲೆ ಬಳಿದರೆ ಮೇಲೆ ಕಪ್ಪಾಗಿ ಕೆಳಗೆ ಹಾಗೇ ಇರುತ್ತದೆ. ಮೊದಲು ಕೆರೆದು ತೆಗೆಯಬೇಕು, ಆಮೇಲೆ ಬಳಿಯಬೇಕು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ತೊಳೆದು ಪೂರ್ತಿ ಒಣಗಿಸಬೇಕು. ಕೈಗವಸು, ಕನ್ನಡಕ ಬೇಕು.

ಕತ್ತರಿಸುವ ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಸೀಟು ಹೊರಗೆ ತೆಗೆಯಿರಿ. ಮುಂಗಾಜಿನ ಮೇಲಂಚಿನಲ್ಲಿ ಕೆಲಸವಿದ್ದರೆ ಗಾಜು ಇಳಿಸಲೇಬೇಕು. ಹೇಗೂ ಅದರ ರಬ್ಬರ್ ಹಳತಾಗಿರುತ್ತದೆ, ಬದಲಿಸುವ ಹೊತ್ತು ಇದೇ. ಗ್ರೈಂಡರಿನ ಕಿಡಿ ಗಾಜಿಗೆ ತಾಗಿದರೆ ಅದರಲ್ಲಿ ಕರಗಿ ಕೂರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇಳಿಸದ ಗಾಜುಗಳಿಗೆ ಒದ್ದೆ ಗೋಣಿ ಹೊದಿಸಿ. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಕೈಗೆ ಸಿಗುವಂತಿರಲಿ. ಒಳಗಿನ ಫೋಮಿಗೆ ಹತ್ತಿದ ಬೆಂಕಿ ಕ್ಯಾಬಿನ್ ತುಂಬಲು ಕೆಲವೇ ನಿಮಿಷ ಸಾಕು.

ಕತ್ತರಿಸುವಾಗ ಆಸೆ ಬೇಡ. ತೂತಿನ ಸುತ್ತ ಒಂದೆರಡು ಇಂಚು ಗಟ್ಟಿ ತಗಡು ಸಿಗುವವರೆಗೂ ತೆಗೆಯಿರಿ. ತಿಂದ ತಗಡಿಗೆ ಬೆಸುಗೆ ನಿಲ್ಲುವುದಿಲ್ಲ, ಕರಗಿ ತೂತು ದೊಡ್ಡದಾಗುತ್ತದೆ. ತೇಪೆಯ ಮೂಲೆಗಳು ಗುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ಟಾಪಿನ ತಗಡು ಸಾಮಾನ್ಯವಾಗಿ 0.7-0.8 ಮಿಲಿಮೀಟರ್ ದಪ್ಪ, ಅಂದರೆ 22 ಗೇಜ್ ಆಸುಪಾಸು. ಎಣ್ಣೆ ಡಬ್ಬದ ತಗಡು ಅದರ ಅರ್ಧವೂ ಇಲ್ಲ, ಆ ತೇಪೆ ಬೇಡವೇ ಬೇಡ. ಗುಜರಿಯಲ್ಲಿ ಅದೇ ಮಾದರಿಯ ಗಾಡಿಯ ಟಾಪು ಸಿಕ್ಕರೆ ಅದರಿಂದಲೇ ತುಂಡು ಕತ್ತರಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ, ಬಾಗು ತಾನಾಗಿ ಕೂಡಿಬರುತ್ತದೆ. ರಟ್ಟಿನಲ್ಲಿ ಅಳತೆ ತೆಗೆದು, ರಟ್ಟಿನಂತೆ ತಗಡು ಕತ್ತರಿಸಿ.

ಬೆಸುಗೆಯಲ್ಲಿ ಶತ್ರು ಶಾಖ. ಸಾಮಾನ್ಯ ರಾಡ್ ವೆಲ್ಡಿಂಗ್ ಈ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗ್ ಸುತ್ತಲಿನ ಅಗಲ ಜಾಗವನ್ನು ಕಾಯಿಸಿ ಟಾಪನ್ನು ಅಲೆಅಲೆಯಾಗಿಸುತ್ತದೆ. ಆಮೇಲೆ ಗಾಡಿ ಓಡುವಾಗಲೆಲ್ಲ ಟಪ್ ಟಪ್ ಸದ್ದು ತಪ್ಪದು. ಸಿಓಟು ವೆಲ್ಡಿಂಗ್ ಇರುವ ಶೆಡ್ಡಿಗೆ ಹೋಗಿ, ಕಲಬುರಗಿಯವರೆಗೆ ಹೋಗಬೇಕಾದರೂ ಸರಿ. ಅದರಲ್ಲೂ ಗೆರೆ ಎಳೆದಂತೆ ಬೆಸೆಯಬಾರದು. ಇಲ್ಲೊಂದು ಚುಕ್ಕೆ, ಎದುರು ಬದಿಗೊಂದು ಚುಕ್ಕೆ, ಪ್ರತಿ ಚುಕ್ಕೆ ಕೈ ಮುಟ್ಟುವಷ್ಟು ಆರಿದ ಮೇಲೆ ಅದರ ಪಕ್ಕದ್ದು. ಹೀಗೆ ಚುಕ್ಕೆಗಳ ನಡುವಿನ ಜಾಗ ತುಂಬುತ್ತಾ ಬಂದರೆ ತಗಡು ಸೊಟ್ಟಗಾಗದು. ಬೇಗ ಮುಗಿಸಿ ಕೊಡಿ ಎಂದು ಉಸ್ತಾದರ ತಲೆಯ ಮೇಲೆ ನಿಲ್ಲಬಾರದ ಕೆಲಸವಿದ್ದರೆ ಇದೇ. ಸತು ಲೇಪನದ ಜಿಐ ತಗಡು ಬಳಸುವುದಾದರೆ ಬೆಸುಗೆಯ ಅಂಚಿನಲ್ಲಿ ಸತುವನ್ನು ಕೆರೆದು ತೆಗೆಯಬೇಕು, ಬಯಲಿನಲ್ಲಿ ಬೆಸೆಯಬೇಕು. ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಿತ್ತಾಳೆ ರಾಡಿನ ಬ್ರೇಜಿಂಗ್ ಕೆಲವು ಹಳೆಯ ಕೈಗಳಿಗೆ ಚೆನ್ನಾಗಿ ಒಗ್ಗಿದೆ, ಕಾವೂ ಗ್ಯಾಸ್ ವೆಲ್ಡಿಂಗಿಗಿಂತ ಕಡಿಮೆ. ಆದರೆ ಅದರ ಫ್ಲಕ್ಸ್ ಪುಡಿಯನ್ನು ಬಿಸಿನೀರು ಹಾಕಿ ಪೂರ್ತಿ ತೊಳೆಯದಿದ್ದರೆ ಅಲ್ಲಿಂದಲೇ ಹೊಸ ತುಕ್ಕು ಏಳುತ್ತದೆ.

ಬೆಸುಗೆಯೇ ಸಾಧ್ಯವಿಲ್ಲದ ಕಡೆ ಟಾಪಿನ ನಡುವಿನ ತೇಪೆಯನ್ನು ಎಪಾಕ್ಸಿ ಅಂಟು ಮತ್ತು ಪಾಪ್ ರಿವೆಟ್‌ನಿಂದ ಕೂರಿಸಬಹುದು. ರಿವೆಟ್ ಉಕ್ಕಿನದ್ದಿರಲಿ, ಅಲ್ಯುಮಿನಿಯಂ ಮತ್ತು ಉಕ್ಕು ತೇವದಲ್ಲಿ ಒಂದಕ್ಕೊಂದು ತಾಗಿದರೆ ಸವಕಳಿ ಶುರು. ಗಟರ್ ಪಟ್ಟಿ, ಕಂಬಗಳ ತುದಿ, ಮುಂಗಾಜಿನ ಚೌಕಟ್ಟಿಗೆ ಮಾತ್ರ ಈ ಉಪಾಯ ಸಲ್ಲದು. ಗಾಡಿ ಪಲ್ಟಿಯಾದರೆ ಒಳಗಿದ್ದವರ ತಲೆ ಉಳಿಸುವುದು ಆ ಚೌಕಟ್ಟು.

ಬರಿಯ ತಗಡನ್ನು ರಾತ್ರಿಯಿಡೀ ಬಿಡಬೇಡಿ. ಕೈಯ ಬೆವರು, ಇಬ್ಬನಿ ಸಾಕು, ಬೆಳಿಗ್ಗೆ ನಸುಗೆಂಪು ಕಾಣುತ್ತದೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ ಅದೇ ದಿನ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಹೊಡೆಯಿಸಿ, ಒಳಗೂ ಹೊರಗೂ. ಅಗ್ಗದ ರೆಡ್ ಆಕ್ಸೈಡ್ ಕಿಟಕಿ ಸರಳಿಗೆ ಸರಿ, ಈ ಬಿಸಿಲಲ್ಲಿ ಹಿಗ್ಗಿ ಕುಗ್ಗುವ ಟಾಪಿಗೆ ಸಾಲದು. ಪುಟ್ಟಿಯ ಸರದಿ ಬರುವುದು ಇದಾದ ಮೇಲೆ, ಪ್ರೈಮರಿನ ಮೇಲೆ, ಎರಡು ಮೂರು ಮಿಲಿಮೀಟರ್ ದಾಟದಂತೆ. ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಹಾರ್ಡನರ್ ಬೆರೆಸಿದ ಪುಟ್ಟಿ ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತದೆ, ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಜಾಸ್ತಿ ಹಾಕಿದರೆ ಬಣ್ಣದ ಮೇಲೆ ಕಲೆ ಎದ್ದು ಬರುತ್ತದೆ. ಒಮ್ಮೆಗೆ ನಿಂಬೆಹಣ್ಣಿನಷ್ಟೇ ಕಲಸಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಬಾರದು, ಅದು ನೀರು ಕುಡಿಯುತ್ತದೆ ಎಂದು ಆಗಲೇ ಹೇಳಿದೆ. ಒಣ ಪೇಪರಿನಲ್ಲೇ ಉಜ್ಜಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು.

ನಂತರ ಗಟರ್ ಪಟ್ಟಿ. ಹಳೆಯ ಸೀಲಂಟನ್ನು ಚಾಣದಿಂದ ಪೂರ್ತಿ ಎಬ್ಬಿಸಿ, ಸಂದಿ ಶುಚಿ ಮಾಡಿ, ಪ್ರೈಮರ್ ಒಣಗಿದ ಮೇಲೆ ಪಿಯು (ಪಾಲಿಯುರೇಥೇನ್) ಸೀಲಂಟ್ ಎಳೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ, ವಿನಿಗರ್ ವಾಸನೆಯ ಸಿಲಿಕೋನ್ ಬೇಡ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ. ಪಟ್ಟಿಯ ಎರಡೂ ತುದಿಯಲ್ಲಿ ನೀರು ಇಳಿಯುವ ಬಾಯಿಯನ್ನು ಸೀಲಂಟಿನಲ್ಲಿ ಮುಚ್ಚಿಬಿಡುವುದು ಸಾಮಾನ್ಯ ತಪ್ಪು. ಆಗ ಗಟರ್ ತೊಟ್ಟಿಯಾಗುತ್ತದೆ.

ಬಣ್ಣಕ್ಕೆ ಕಾಲ ನೋಡಬೇಕು. ಮಳೆಗಾಲದ ತೇವದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದರೆ ಬಿಳಿಮಬ್ಬು ಕವಿಯುತ್ತದೆ. ಮೇ ಮಧ್ಯಾಹ್ನ ಹೊಡೆದರೆ ಹನಿ ತಗಡು ಮುಟ್ಟುವ ಮೊದಲೇ ಒಣಗಿ ಬಣ್ಣ ಒರಟಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಬಾಡಿಗೆ ಬಿಟ್ಟು ಯಾರೂ ಗಾಡಿ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಶಿವರಾತ್ರಿಯಿಂದ ಯುಗಾದಿ ನಡುವಿನ ದಿನಗಳು ಹದವಾದವು: ರಾಶಿ ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ ನೆತ್ತಿ ಸುಡುವುದಿಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಬಾಡಿಗೆ ಮುಗಿಸಿಕೊಂಡು ಗಾಡಿ ಶೆಡ್ಡಿಗೆ ಬಿಟ್ಟರೆ ಮಿರಗಕ್ಕೆ ಬೇಕಾದಷ್ಟು ಸಮಯ ಉಳಿಯುತ್ತದೆ. ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಬೆಳಗಿನ ಹೊತ್ತಲ್ಲೇ ಹೊಡೆಯುವುದು ಲೇಸು. ಪಿಯು ಪೇಂಟ್ ಬಾಳಿಕೆಯದ್ದು, ಆದರೆ ಅದರ ಹಾರ್ಡನರಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಮುಖಕ್ಕೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಪೇಂಟರಿಗೆ ಕಾರ್ಟ್ರಿಜ್ ಇರುವ ಮಾಸ್ಕ್ ಇಲ್ಲದಿದ್ದರೆ ಗಾಡಿಯ ಮಾಲೀಕರೇ ತಂದುಕೊಡಲಿ, ಟಾಪಿನ ಖರ್ಚಿನಲ್ಲಿ ಅದು ದೊಡ್ಡದಲ್ಲ. ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸಿ. ಬಣ್ಣ ಬದಲಿಸಿದರೆ ಆರ್‌ಟಿಓ ಕಚೇರಿಯಲ್ಲಿ ನಮೂದಿಸಬೇಕಾಗುತ್ತದೆ.

ಒಳಗಿನ ಕೆಲಸ ಬಿಟ್ಟರೆ ಮಾಡಿದ್ದೆಲ್ಲ ಅರ್ಧ. ಅಡ್ಡಪಟ್ಟಿಗಳ ಹಿಂದೆ, ಕಂಬಗಳ ಟೊಳ್ಳಿನೊಳಗೆ ತುಕ್ಕುನಿರೋಧಕ ವ್ಯಾಕ್ಸನ್ನು ಉದ್ದ ನಳಿಕೆಯಿಂದ ಊದಬೇಕು. ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಸುಟ್ಟ ಆಯಿಲಿನಲ್ಲಿ ಆಮ್ಲದ ಅಂಶವಿರುತ್ತದೆ, ಬೇಸಿಗೆಯಲ್ಲಿ ತೊಟ್ಟಿಕ್ಕುತ್ತದೆ, ಹೊದಿಕೆಯ ಅಂಟು ಬಿಡಿಸುತ್ತದೆ, ಬೆಂಕಿಗೂ ದಾರಿ. ಹೊದಿಕೆ ವಾಪಸ್ ಹಾಕುವಾಗ ಹಳೆಯ ಸ್ಪಂಜಿನ ಫೋಮ್ ಬಿಸಾಡಿ ನೀರು ಹೀರದ ಫೋಮ್ ಹಾಳೆ ಅಂಟಿಸಿ. ಬೇಸಿಗೆಯಲ್ಲಿ ತಲೆಯ ಮೇಲಿನ ಕಾವೂ ಕಡಿಮೆಯಾಗುತ್ತದೆ.

ಕ್ಯಾರಿಯರ್ ಮತ್ತೆ ಬೇಕೇ ಎಂದು ಒಮ್ಮೆ ಯೋಚಿಸಿ. ಗಾಣಗಾಪುರದ ಹುಣ್ಣಿಮೆಗೆ ಅಂಗಡಿ ಸಾಮಾನು, ಪೆಂಡಾಲಿನ ಗಳಗಳನ್ನು ಸಾಗಿಸುವವರಿಗೆ ಬೇಕಾದೀತು. ಬರೀ ಒದ್ದೆ ತಾಡಪತ್ರಿ ಮಡಚಿ ಇಡಲು ಕ್ಯಾರಿಯರ್ ಇಟ್ಟುಕೊಂಡವರೂ ಇದ್ದಾರೆ. ಟಾಪಿನ ಮೇಲೆ ವಾರಗಟ್ಟಲೆ ತೇವ ಇರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ತಾಡಪತ್ರಿಯನ್ನು ಹಿಂದಿನ ಬಾಡಿಯಲ್ಲಿ ಹರಡಿ. ಕ್ಯಾರಿಯರ್ ಹಾಕಲೇಬೇಕಿದ್ದರೆ ಪ್ರತಿ ಕಾಲಿನ ಕೆಳಗೆ ಗಟ್ಟಿ ರಬ್ಬರ್ ತುಂಡಿಟ್ಟು, ವರ್ಷಕ್ಕೊಮ್ಮೆ ಎತ್ತಿ ಕೆಳಗೆ ನೋಡಿ.

ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಎಫ್‌ಸಿಗೆ ಮುಂಚಿನ ವಾರ ಪುಟ್ಟಿ ಮೆತ್ತಿಸುವ ಬದಲು, ಆ ವಾರವನ್ನೇ ಒಳಹೊದಿಕೆ ಇಳಿಸಿ ನೋಡುವ ವಾರ ಮಾಡಿಕೊಂಡರೆ ತೂತು ಬೀಳುವ ಮುನ್ನವೇ ತುಕ್ಕು ಸಿಗುತ್ತದೆ. ಮುಂಗಂಬದ ಬುಡ, ಬಾಗಿಲ ಕೀಲು ಕೂತ ಜಾಗ, ಚಾಸಿಗೆ ಕ್ಯಾಬಿನ್ ಕೂರುವ ಬುಷ್‌ಗಳ ಸುತ್ತಲಿನ ತಗಡೂ ಕೊರೆದುಹೋಗಿದ್ದರೆ ಟಾಪಿಗೆ ದುಡ್ಡು ಹಾಕಬೇಡಿ. ಆ ಗಾಡಿಗೆ ಬೇಕಿರುವುದು ಬೇರೆ ಕ್ಯಾಬಿನ್. ಉಳಿದ ಗಾಡಿಗಳಿಗೆ, ಗೊಬ್ಬರ ಹೊತ್ತ ಸಂಜೆ ಸಿಹಿನೀರಿನಲ್ಲಿ ಟಾಪು ತೊಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗಟರಿನ ಎರೆಮಣ್ಣು ತೆಗೆದು, ಎರಡೂ ತುದಿಯಿಂದ ನೀರು ಸಲೀಸಾಗಿ ಇಳಿಯುತ್ತಿದೆಯೇ ಎಂದು ನೋಡಿಕೊಂಡರೆ ಸಾಕು.